ಪರರ ಖಾತೆಯ ಮೂದಲಿಕೆ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಆ ಹೆಸರಿನಿಂದ ಅರಿತಿರುವ ಆಟವಲ್ಲ. ಅಲ್ಲಿ ಚೆಂಡು ಅಂಡಾಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ತಡೆಯಲು ಬಂದವನು ಮೈಮೇಲೆಯೇ ಬೀಳುತ್ತಾನೆ. ಇದನ್ನು ವೃತ್ತಿಯಾಗಿ ಆಡುವ ತಂಡಗಳು ಆ ದೇಶದಲ್ಲಿ ಇವೆಯಾದರೂ, ಅನೇಕ ರಾಜ್ಯಗಳಲ್ಲಿ ಜನರ ಮಮತೆಯು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿತಂಡಗಳ ಮೇಲೆಯೇ ನಿಂತಿದೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1,07,601 ಜನರು ಕುಳಿತುಕೊಳ್ಳಬಹುದು. ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೂ ಲಕ್ಷವನ್ನು ಮೀರಿದ್ದೇ. ದಕ್ಷಿಣದ ಅಲಬಾಮಾ ರಾಜ್ಯದಲ್ಲಿ ರಾಷ್ಟ್ರೀಯ ವೃತ್ತಿ ಲೀಗಿಗೆ ಸೇರಿದ ತಂಡ ಒಂದೂ ಇಲ್ಲ. ಆದುದರಿಂದ ಅಲ್ಲಿಯ ಜನರಲ್ಲಿ ಬಹುಮಂದಿ, ಆ ವಿದ್ಯಾಸಂಸ್ಥೆಗಳ ಮೆಟ್ಟಿಲನ್ನೇ ಹತ್ತದವರು ಕೂಡ, ಅಲಬಾಮಾ ವಿಶ್ವವಿದ್ಯಾನಿಲಯದ ಪಕ್ಷಕ್ಕೋ ಆಬರ್ನ್ ವಿಶ್ವವಿದ್ಯಾನಿಲಯದ ಪಕ್ಷಕ್ಕೋ ಸೇರಿದವರಾಗಿರುತ್ತಾರೆ. ಒಂದೇ ಮನೆಯಲ್ಲಿ ಎರಡೂ ಪಕ್ಷಗಳಿರುವುದುಂಟು.

ಈ ಪಕ್ಷಾಭಿಮಾನಿಗಳು ಪರಸ್ಪರ ಆಡಿಕೊಳ್ಳುವ ಮಾತಿನ ಸ್ವರೂಪವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಮಾತಿಗೆ ನಮ್ಮ ಭಾಷೆಯಲ್ಲಿ ಒಳ್ಳೆಯ ಹೆಸರೇ ಇದೆ: ಮೂದಲಿಕೆ. ಎದುರಾಳಿಯ ಪಾಂಡಿತ್ಯವನ್ನು, ಊರನ್ನು, ಹಳೆಯ ಸೋಲನ್ನು, ತರಬೇತುದಾರನ ಮೋರೆಯನ್ನು, ಕಡೆಗೆ ಅವನ ವಿಶ್ವವಿದ್ಯಾನಿಲಯದ ಮೊದಲ ಅಕ್ಷರವನ್ನು ಸಹ ಬಿಡದೆ ಎತ್ತಿ ಆಡುವುದು ಇದರ ರೀತಿ. ಆಟ ನಡೆಯುವುದು ವರ್ಷಕ್ಕೆ ಒಂದು ಶನಿವಾರ, ಮೂರು ಮೂರೂವರೆ ಗಂಟೆಯ ಕಾಲ. ಮೂದಲಿಕೆಯು ಮಿಕ್ಕ ದಿನಗಳಲ್ಲೆಲ್ಲ ಕಚೇರಿಯಲ್ಲಿ, ಚರ್ಚಿನ ಅಂಗಳದಲ್ಲಿ, ಕ್ಷೌರದಂಗಡಿಯಲ್ಲಿ, ರೇಡಿಯೋದಲ್ಲಿ ನಡೆಯುತ್ತದೆ. ‘ಇದು ವಿನೋದ, ಇದರಲ್ಲಿ ಅರ್ಥ ಹುಡುಕಬೇಡಿ’ ಎಂಬುದು ಅದನ್ನು ಆಡುವವರ ಸಮಾಧಾನ. ಅರ್ಥವಿಲ್ಲದ ಮಾತನ್ನು ಮನುಷ್ಯನು ವರ್ಷಪೂರ್ತಿ ಆಡುವುದಿಲ್ಲವೆಂದು ನಂಬಿರುವ ನಾನು ಈ ಸಮಾಧಾನವನ್ನು ಹಾಗೆಯೇ ಒಪ್ಪಿಕೊಳ್ಳಲಾರೆ. ಆದರೆ ಇಡಿಯ ವಿಷಯವನ್ನು ಅಸಭ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ವಿಮರ್ಶೆಯಲ್ಲ. ಅದರಲ್ಲಿ ಮೇಲ್ತರದ್ದೂ ಇದೆ, ಕೀಳ್ತರದ್ದೂ ಇದೆ.

ಮೇಲ್ತರದ್ದನ್ನು ಮೊದಲು ನೋಡೋಣ. ಓಹಾಯೊ ಮತ್ತು ಮಿಷಿಗನ್ ನೆರೆಯ ರಾಜ್ಯಗಳು. 1835ರಲ್ಲಿ ಟೊಲೀಡೊ ಪಟ್ಟಣವನ್ನೊಳಗೊಂಡ ಒಂದು ಪಟ್ಟಿಯಷ್ಟು ನೆಲಕ್ಕಾಗಿ ಎರಡೂ ಕಡೆಯವರು ಸಶಸ್ತ್ರ ದಂಡುಗಳನ್ನು ಕೂಡಿಸಿದ್ದರು. ನೆಲ ಓಹಾಯೊಗೆ ಹೋಯಿತು. ಮಿಷಿಗನ್ನಿಗೆ ಬದಲಾಗಿ ಉತ್ತರದ ಪರ್ಯಾಯದ್ವೀಪ ಸಿಕ್ಕಿತು. ಎರಡು ವಿಶ್ವವಿದ್ಯಾನಿಲಯಗಳ ತಂಡಗಳು ಮೊದಲು ಎದುರಾದದ್ದು 1897ರಲ್ಲಿ. 1951ರಿಂದ 1978ರವರೆಗೆ ಓಹಾಯೊ ತಂಡದ ತರಬೇತುದಾರನಾಗಿದ್ದ ವುಡಿ ಹೇಯ್ಸ್ ಎಂಬಾತನು ‘ಮಿಷಿಗನ್’ ಎಂಬ ಹೆಸರನ್ನು ನಾಲಗೆಯ ಮೇಲೆ ತರಲೊಲ್ಲದೆ ‘ಉತ್ತರದ ಆ ರಾಜ್ಯ’ ಎಂದಷ್ಟೇ ಹೇಳುತ್ತಿದ್ದನು. ಇಂದಿಗೂ ಆಟದ ವಾರದಲ್ಲಿ ಓಹಾಯೊ ವಿದ್ಯಾರ್ಥಿಗಳು ತಮ್ಮ ಆವರಣದ ಫಲಕಗಳಲ್ಲಿ ‘ಎಂ’ ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೆಂಪು ಪಟ್ಟಿಯಿಂದ ಅಡ್ಡಗೀಟು ಹಾಕುತ್ತಾರೆ. ಒಂದು ಕೆಟ್ಟ ಪದವನ್ನೂ ಬಳಸದೆ, ಯಾರೊಬ್ಬನ ಮೈಯನ್ನೂ ಮನೆಯನ್ನೂ ಮುಟ್ಟದೆ, ಬರಿಯ ಅನುಚ್ಚಾರಣೆಯಿಂದಲೇ ಎದುರಾಳಿಯನ್ನು ಕೆಣಕುವ ಈ ಉಪಾಯದಲ್ಲಿ ಜಾಣ್ಮೆಯಿದೆ. ಹೆಸರೆತ್ತದಿರುವುದೂ ಒಂದು ಬಗೆಯ ಗೌರವವೇ. ಅಲ್ಪನ ಹೆಸರನ್ನು ಯಾರೂ ಇಷ್ಟು ಶ್ರಮಪಟ್ಟು ವರ್ಜಿಸುವುದಿಲ್ಲ.

ಆದರೆ ನಾಲಗೆಯ ಈ ಸಂಯಮ ಆತನ ಕೈಗೆ ಇರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. 1978ರ ಡಿಸೆಂಬರ್ 29ರಂದು ಕ್ಲೆಮ್ಸನ್ ತಂಡದೆದುರು ಸೋಲುವ ಸಮಯ ಬಂದಾಗ, ಎದುರು ಪಕ್ಷದ ಹುಡುಗನೊಬ್ಬನು ಚೆಂಡನ್ನು ಹಿಡಿದು ತನ್ನ ಬಳಿಯೇ ಬಿದ್ದುದನ್ನು ಕಂಡು, ಅರುವತ್ತೈದು ವರ್ಷದ ಹೇಯ್ಸ್ ಅವನನ್ನು ಗುದ್ದಿದನು. ಮರುದಿನವೇ ಆತನ ಕೆಲಸ ಹೋಯಿತು.

ಇನ್ನೊಂದು ನಿದರ್ಶನ ಕ್ಯಾಲಿಫೋರ್ನಿಯದ್ದು. 1982ರ ನವೆಂಬರ್ 20ರಂದು ಬರ್ಕ್ಲಿಯಲ್ಲಿ ನಡೆದ ಆಟದ ಕೊನೆಯ ನಾಲ್ಕು ಸೆಕೆಂಡುಗಳಲ್ಲಿ ಬರ್ಕ್ಲಿಯವರು ಚೆಂಡನ್ನು ಕೈಯಿಂದ ಕೈಗೆ ಐದು ಸಲ ಸಾಗಿಸಿ, ಆಟ ಮುಗಿಯಿತೆಂದು ಬಗೆದು ಮೈದಾನಕ್ಕೆ ನುಗ್ಗಿದ್ದ ಸ್ಟ್ಯಾನ್‌ಫರ್ಡ್ ವಾದ್ಯಗೋಷ್ಠಿಯವರ ನಡುವೆಯೇ ಓಡಿ, 25–20ರಿಂದ ಗೆದ್ದರು. ಕೆಲವು ದಿನಗಳ ತರುವಾಯ ಬರ್ಕ್ಲಿಯ ವಿದ್ಯಾರ್ಥಿಗಳ ಕೈಗೆ ತಮ್ಮದೇ ವಿದ್ಯಾರ್ಥಿಪತ್ರಿಕೆಯ ವಿಶೇಷ ಸಂಚಿಕೆ ಬಂದಿತು. ಕ್ರೀಡಾಸಂಸ್ಥೆಯು ತೀರ್ಪನ್ನು ಬದಲಿಸಿ ಗೆಲುವನ್ನು ಸ್ಟ್ಯಾನ್‌ಫರ್ಡಿಗೆ ಕೊಟ್ಟಿತೆಂಬ ಸುದ್ದಿ ಅದರಲ್ಲಿತ್ತು. ಸಂಚಿಕೆ ಪೂರ್ತಿ ಖೋಟಾ. ಸ್ಟ್ಯಾನ್‌ಫರ್ಡ್ ಪತ್ರಿಕೆಯ ಹುಡುಗರು ಅದನ್ನು ಅಚ್ಚುಹಾಕಿಸಿ ಹಂಚಿದ್ದರು. ಖೋಟಾ ಬರಹವನ್ನು ಶಾಸ್ತ್ರವು ಕೂಟಲೇಖವೆಂದು ಹೆಸರಿಸಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ಆದರೂ ಈ ಸಂಗತಿಯನ್ನು ಓದಿದಾಗ ನಾನು ನಕ್ಕೆನೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಸೋತವರು ತಮ್ಮ ಸೋಲನ್ನೇ ಬಂಡವಾಳವಾಗಿಟ್ಟುಕೊಂಡು, ತಮ್ಮ ದುಡಿಮೆಯನ್ನೂ ಹಣವನ್ನೂ ಹಾಕಿ ಮಾಡಿದ ಕೆಲಸವದು. ಅದರ ಆಯುಸ್ಸು ಒಂದು ಮಧ್ಯಾಹ್ನದಷ್ಟು. ಬೆದರಿದವರು ಬೆದರಿದಷ್ಟೇ ಬೇಗ ನಕ್ಕಿರಬೇಕು.

ನಕ್ಕ ಮೇಲೆ ಯೋಚಿಸತಕ್ಕದ್ದೂ ಇದೆ. ತತ್ತ್ವಾರ್ಥಸೂತ್ರವು ಸತ್ಯವ್ರತವನ್ನು ಸ್ಥಿರಗೊಳಿಸುವ ಭಾವನೆಗಳನ್ನು ಎಣಿಸುವಾಗ ಕ್ರೋಧ, ಲೋಭ, ಭಯಗಳನ್ನು ಬಿಡಬೇಕೆಂದು ಹೇಳಿ, ಅವುಗಳ ಪಂಕ್ತಿಯಲ್ಲಿಯೇ ಹಾಸ್ಯವನ್ನೂ ಕುಳ್ಳಿರಿಸಿದೆ. ತರುಣನಾಗಿದ್ದಾಗ ಇದು ನನಗೆ ಅತಿಯೆನಿಸಿತ್ತು. ಸಿಟ್ಟಿನಲ್ಲಿ ಸುಳ್ಳು ಹೊರಡುವುದು ಸಹಜ, ನಗೆಯಲ್ಲಿ ಏನು ದೋಷ ಎಂದುಕೊಂಡಿದ್ದೆ. ಈ ಅಭಿಮಾನಿಗಳ ಮಾತಿನ ಸಂಗತಿಗಳನ್ನು ಓದುತ್ತಾ ಹೋದಂತೆ ಆ ಎಣಿಕೆಯ ಸೂಕ್ಷ್ಮತೆ ಹೊಳೆಯಿತು. ಸಿಟ್ಟಿಗೆದ್ದವನಿಗೆ ತಾನು ಸಿಟ್ಟಿಗೆದ್ದಿರುವುದು ಎಂದಾದರೊಂದು ದಿನ ಗೊತ್ತಾಗುತ್ತದೆ, ನಾಚುತ್ತಾನೆ. ವಿನೋದಕ್ಕೆ ಆಡಿದವನಿಗೆ ನಾಚಿಕೆಪಡುವ ಸಂದರ್ಭವೇ ಒದಗುವುದಿಲ್ಲ. ನೊಂದವನಿಗೆ ರಸಿಕತೆ ಇಲ್ಲವೆಂದು ದೋಷವನ್ನು ಅವನ ಮೇಲೆಯೇ ಹೊರಿಸಿಬಿಡುತ್ತಾನೆ.

ಇಷ್ಟೇ ಅಲ್ಲದೆ, ವಿನೋದಕ್ಕೆಂದು ಆಡಿದ್ದನ್ನು ಆಡುವವನು ಬರಬರುತ್ತಾ ತಾನೇ ನಂಬತೊಡಗುತ್ತಾನೆ. 1951ರ ನವೆಂಬರ್ 24ರಂದು ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ತಂಡಗಳ ನಡುವೆ ಬಹಳ ಒರಟಾದ ಆಟವೊಂದು ನಡೆಯಿತು. ಪ್ರಿನ್ಸ್‌ಟನ್ ತಂಡದ ಪ್ರಸಿದ್ಧ ಆಟಗಾರನ ಮೂಗು ಮುರಿಯಿತು. ಡಾರ್ಟ್‌ಮತ್ ಕಡೆಯವನೊಬ್ಬನ ಕಾಲು ಮುರಿಯಿತು. ವಾರಗಟ್ಟಲೆ ಎರಡು ವಿದ್ಯಾರ್ಥಿಪತ್ರಿಕೆಗಳೂ ಒಂದನ್ನೊಂದು ದೂಷಿಸಿದವು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಆ ಆಟದ ಒಂದೇ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತುಹಾಕಲು ಹೇಳಿದರು. ಅದರ ಫಲವನ್ನು 1954ರಲ್ಲಿ ಪ್ರಕಟಿಸಿದರು. ಡಾರ್ಟ್‌ಮತ್ ತಂಡವು ಮಾಡಿದ ತಪ್ಪುಗಳು ಆ ತಂಡದ ವಿದ್ಯಾರ್ಥಿಗಳಿಗೆ ಸರಾಸರಿ 4.3 ಕಂಡವು; ಪ್ರಿನ್ಸ್‌ಟನ್ನಿನವರಿಗೆ 9.8. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಚಿತ್ರವನ್ನು ನೋಡಿ, ತಾವು ಕಂಡದ್ದನ್ನು ಪ್ರಾಮಾಣಿಕವಾಗಿಯೇ ಬರೆದಿದ್ದರು. ಎದುರಾಳಿಯನ್ನು ಮೋಸಗಾರನೆಂದು ಕೂಗುವವನು ಅದನ್ನು ನಿಜವೆಂದೇ ಕೂಗುತ್ತಾನೆಂಬುದು ಇದರಿಂದ ವಿದಿತವಾಗುತ್ತದೆ. ಇದು ಅವನ ಅಪರಾಧವನ್ನು ಕುಗ್ಗಿಸುವ ಸಂಗತಿಯೋ ಹೆಚ್ಚಿಸುವ ಸಂಗತಿಯೋ ಎಂಬುದನ್ನು ನಾನು ನಿರ್ಣಯಿಸಲಾರದೆ ಹೋಗಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಒಂದು ಪ್ರಬಂಧವನ್ನು ಪ್ರಕಟಿಸಿದರು. ಓಹಾಯೊ, ಮಿಷಿಗನ್ನುಗಳೂ ಸೇರಿದಂತೆ ಏಳು ವಿಶ್ವವಿದ್ಯಾನಿಲಯಗಳಲ್ಲಿ ಸೋಮವಾರದಂದು ತರಗತಿಗೆ ಬರುವ ವಿದ್ಯಾರ್ಥಿಗಳ ಉಡುಪನ್ನು ಅವರು ಎಣಿಸಿದ್ದರು. ಶನಿವಾರ ತಂಡ ಗೆದ್ದಿದ್ದರೆ ವಿಶ್ವವಿದ್ಯಾನಿಲಯದ ಹೆಸರಿರುವ ಅಂಗಿ ತೊಟ್ಟವರು ಹೆಚ್ಚು. ಆಮೇಲೆ ಅವರು ವಿದ್ಯಾರ್ಥಿಗಳನ್ನು ದೂರವಾಣಿಯಲ್ಲಿ ಮಾತನಾಡಿಸಿ, ಸಾಮಾನ್ಯಜ್ಞಾನದ ಕೆಲವು ಪ್ರಶ್ನೆಗಳನ್ನು ಕೇಳಿ, ಕೆಲವರಿಗೆ ‘ನಿಮ್ಮ ಉತ್ತರ ಚೆನ್ನಾಗಿತ್ತು’ ಎಂದೂ ಕೆಲವರಿಗೆ ‘ಚೆನ್ನಾಗಿರಲಿಲ್ಲ’ ಎಂದೂ ಹೇಳಿದರು. ಅನಂತರ ತಂಡದ ಒಂದು ಆಟದ ಫಲಿತಾಂಶವೇನೆಂದು ಕೇಳಿದರು. ಗೆದ್ದ ಆಟವನ್ನು ‘ನಾವು ಗೆದ್ದೆವು’ ಎಂದೂ ಸೋತ ಆಟವನ್ನು ‘ಅವರು ಸೋತರು’ ಎಂದೂ ಹೇಳುವ ಪ್ರವೃತ್ತಿ, ‘ಚೆನ್ನಾಗಿರಲಿಲ್ಲ’ ಎನ್ನಿಸಿಕೊಂಡವರಲ್ಲಿಯೇ ಬಲವಾಗಿ ಕಂಡಿತು.

ವಾಣಿಜ್ಯವನ್ನು ಓದಿ ವ್ಯಾಪಾರದಲ್ಲಿಯೇ ಕಾಲ ಕಳೆದ ನನಗೆ ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳದೆ ಇರಲಾಗುವುದಿಲ್ಲ. ಗೆಲುವಾದಾಗ ಜಮೆ ತನ್ನ ಖಾತೆಗೆ, ಸೋಲಾದಾಗ ಖರ್ಚು ಪರರ ಖಾತೆಗೆ ಎಂದು ಬರೆಯುವ ಗುಮಾಸ್ತನನ್ನು ಯಾವ ಅಂಗಡಿಯವನೂ ಒಂದು ವಾರ ಇಟ್ಟುಕೊಳ್ಳಲಾರನು. ಅಭಿಮಾನಿಯು ಮೂದಲಿಸುವಾಗ ಮಾಡುತ್ತಿರುವುದು ಇನ್ನೂ ಒಂದು ಹೆಜ್ಜೆ ಮುಂದಿನ ಕೆಲಸ: ತನ್ನದಲ್ಲದ ಖಾತೆಯ ಮೇಲೆ ಅವನು ಹುಂಡಿ ಬರೆಯುತ್ತಿದ್ದಾನೆ. ‘ಬರುವ ಶನಿವಾರ ನಿಮ್ಮನ್ನು ಮಣ್ಣುಮುಕ್ಕಿಸುತ್ತೇವೆ’ ಎಂಬ ಮಾತನ್ನು ಆಡುವವನು ಐವತ್ತು ವರ್ಷದ ವಿಮಾ ಏಜೆಂಟನೋ ಪಿಂಚಣಿದಾರನೋ ಇರಬಹುದು. ಆ ಹುಂಡಿಯನ್ನು ಸಲ್ಲಿಸಬೇಕಾದವರು ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು, ತಮ್ಮ ಮೊಣಕಾಲಿನಿಂದ, ಹೆಗಲಿನಿಂದ.

ಮೂದಲಿಕೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲವೆಂದು ಸಹೃದಯರು ಆಕ್ಷೇಪಿಸಬಹುದು. ಬಳೆಗಾರ ಕುಲದಲ್ಲಿ ಹುಟ್ಟಿದ ಜೈನಕವಿ ರನ್ನನ ಗದಾಯುದ್ಧದಲ್ಲಿ, ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಹೊರಗೆಳೆದದ್ದು ಬಲೆಯೂ ಅಲ್ಲ, ಬಾಣವೂ ಅಲ್ಲ; ಭೀಮನ ಮೂದಲಿಕೆ. ನಿಜ. ಆದರೆ ಮೂದಲಿಸಿದವನು ಅದೇ ಗಳಿಗೆಯಲ್ಲಿ ಗದೆ ಹಿಡಿದು ನಿಂತಿದ್ದನು. ಅವನು ಬರೆದ ಹುಂಡಿಗೆ ಅವನ ತೊಡೆಯೇ ಅಡಮಾನ. ಮೂದಲಿಸಿಕೊಂಡವನಿಗೂ ಉತ್ತರ ಕೊಡುವ ಅವಕಾಶವಿತ್ತು. ಆ ಉತ್ತರವನ್ನು ತಡೆದುಕೊಳ್ಳುವ ಮೈ ಎದುರಿಗಿತ್ತು. ಗ್ಯಾಲರಿಯಲ್ಲಿ ಕುಳಿತು, ಕೈಯಲ್ಲಿ ತಿಂಡಿಯ ಪೊಟ್ಟಣವಿಟ್ಟುಕೊಂಡು ಆಡುವ ಮೂದಲಿಕೆಯನ್ನು ಅದರೊಡನೆ ತೂಗುವುದು ರನ್ನನಿಗೆ ಮಾಡುವ ಅನ್ಯಾಯ.

ಹುಂಡಿ ಸಲ್ಲದೆ ಹಿಂದಿರುಗಿದಾಗ ಏನಾಗುತ್ತದೆಂಬುದನ್ನು 2013ರ ನವೆಂಬರ್ 30ರ ಆಟದಲ್ಲಿ ನೋಡಬಹುದು. ಅಲಬಾಮಾ ಆಗ ದೇಶದ ಮೊದಲ ಸ್ಥಾನದಲ್ಲಿದ್ದ ತಂಡ. ಹಿಂದಿನ ಎರಡು ವರ್ಷಗಳ ಚಾಂಪಿಯನ್. ಆಬರ್ನ್ ಊರಿನಲ್ಲಿ ನಡೆದ ಆ ಆಟ 28–28ರಲ್ಲಿ ಸಮವಾಗಿದ್ದು, ಒಂದೇ ಒಂದು ಸೆಕೆಂಡು ಉಳಿದಿತ್ತು. ಅಲಬಾಮಾದವರು ದೂರದಿಂದ ಒದ್ದ ಚೆಂಡು ಗುರಿಗೆ ತುಸು ಮುಂಚೆಯೇ ಬಿದ್ದಾಗ, ಆಬರ್ನ್ ಆಟಗಾರನೊಬ್ಬನು ಅದನ್ನು ಹಿಡಿದು ಮೈದಾನದ ಆ ತುದಿಯಿಂದ ಈ ತುದಿಯವರೆಗೂ ಓಡಿ ಗೆಲುವನ್ನು ತಂದನು. ಇದಕ್ಕೆ ಮೊದಲು, ಅಲಬಾಮಾ ತಂಡದಲ್ಲಿ ಚೆಂಡು ಒದೆಯುವ ಕೆಲಸಕ್ಕಿದ್ದ ಇನ್ನೊಬ್ಬ ಹುಡುಗನು ಅದೇ ದಿನ ಮೂರು ಅವಕಾಶಗಳನ್ನು ಕಳೆದುಕೊಂಡಿದ್ದನು. ಅವನ ಮೇಲೆ ಬೈಗುಳದ ಮಳೆ ಸುರಿಯಿತು. ಕೊಲ್ಲುವುದಾಗಿ ಬೆದರಿಕೆಗಳು ಬಂದವು. ಬರೆದವರು ಆಬರ್ನ್ ಪಕ್ಷದವರಲ್ಲ, ತಮ್ಮ ಹುಡುಗ ಸೋಲಿಸಿದನೆಂದು ಕೆರಳಿದ ಅವನ ಕಡೆಯವರೇ. ವರ್ಷಗಟ್ಟಲೆ ಎದುರಾಳಿಯನ್ನು ಹಳಿಯುತ್ತಾ ಹದಗೊಂಡ ನಾಲಗೆಗೆ ಎದುರಾಳಿ ಯಾರೆಂಬುದು ಮರೆತುಹೋಗಲು ಒಂದು ಸಂಜೆ ಸಾಕಾಯಿತು. ಆ ದಿನಗಳಲ್ಲಿ ಆ ಹುಡುಗನಿಗೆ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರಿಂದ ಕೈಬರಹದ ಪತ್ರವೊಂದು ಬಂದಿತು. ಹುಡುಗನ ಅಂಗಿಯ ಸಂಖ್ಯೆ 43. ಬುಷ್ ಅಮೆರಿಕದ 43ನೆಯ ಅಧ್ಯಕ್ಷರು. ಆ ಹೊಂದಿಕೆಯನ್ನು ನೆನಪಿಸಿ, ಕಾಲ ಕಳೆದಂತೆ ಗಟ್ಟಿಯಾಗುವೆ ಎಂಬರ್ಥದ ಸಮಾಧಾನವನ್ನು ಅವರು ಬರೆದಿದ್ದರು. ಆತನ ರಾಜಕೀಯದ ಬಗೆಗೆ ನನ್ನ ಅಭಿಪ್ರಾಯ ಏನೇ ಇರಲಿ, ಈ ಪತ್ರವನ್ನು ಬರೆದ ಕೈಗೆ ನಮಸ್ಕಾರ.

ಆಟಗಾರರು ಈಗ ಹಣ ಪಡೆಯುತ್ತಾರೆ, ಆದುದರಿಂದ ಬೈಗುಳವನ್ನೂ ಪಡೆಯಲಿ ಎಂಬ ವಾದ ಇತ್ತೀಚೆಗೆ ಹುಟ್ಟಿದೆ. 2021ರ ಜುಲೈವರೆಗೆ ಈ ಹುಡುಗರು ತಮ್ಮ ಹೆಸರು, ಚಿತ್ರಗಳಿಂದ ಬಿಡಿಕಾಸನ್ನೂ ಗಳಿಸುವಂತಿರಲಿಲ್ಲ. 2025ರಿಂದ ವಿಶ್ವವಿದ್ಯಾನಿಲಯಗಳೇ ವರಮಾನದಲ್ಲಿ ಪಾಲು ಕೊಡಲು ಅನುಮತಿಯಾಗಿದೆ. ಕೂಲಿಯಲ್ಲಿ ಅವಮಾನದ ಬೆಲೆಯೂ ಸೇರಿದೆಯೆಂಬ ಈ ತರ್ಕವನ್ನು ಅಂಗಡಿಯ ಆಳುಗಳ ವಿಷಯದಲ್ಲಿ ನಾನು ಬಹಳ ಕೇಳಿದ್ದೇನೆ. ಅದಕ್ಕೆ ಉತ್ತರ ಹೇಳುವುದೂ ದಂಡ.

ಮಾತು ಮಾತಾಗಿಯೇ ಉಳಿಯದೆ ಹೋದ ಸಂಗತಿಯೂ ಇದೇ ಅಲಬಾಮಾ ರಾಜ್ಯದ್ದು. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಅಲಬಾಮಾ ಮತ್ತು ಆಬರ್ನ್ ಮೊದಲು ಆಡಿದ್ದು 1893ರಲ್ಲಿ. 1907ರ ಆಟ 6–6ರಲ್ಲಿ ಸಮವಾದ ಮೇಲೆ, ಆಟಗಾರರ ಖರ್ಚಿನ ವಿಷಯದಲ್ಲೂ ತೀರ್ಪುಗಾರರ ನೇಮಕದಲ್ಲೂ ಒಮ್ಮತವಾಗದೆ ಆಟವೇ ನಿಂತುಹೋಯಿತು. ಒಂದೇ ರಾಜ್ಯದ ಎರಡು ತಂಡಗಳು ನಲವತ್ತೊಂದು ವರ್ಷ ಮುಖ ನೋಡಲಿಲ್ಲ. 1948ರಲ್ಲಿ ಮತ್ತೆ ಆಡಲು ಒಪ್ಪಿದಾಗ, ಎರಡೂ ಕಡೆಯ ವಿದ್ಯಾರ್ಥಿಸಂಘಗಳ ಅಧ್ಯಕ್ಷರು ಬರ್ಮಿಂಗ್‌ಹ್ಯಾಮಿನ ಉದ್ಯಾನದಲ್ಲಿ ಗುಂಡಿ ತೋಡಿ ನಿಜವಾದ ಕೈಗೊಡಲಿಯೊಂದನ್ನು ಹೂಳಿದರು. ಹಗೆ ಬಿಡುವುದಕ್ಕೆ ಅದು ಆ ನೆಲದ ಮೂಲನಿವಾಸಿಗಳಿಂದ ಬಂದ ಸಂಕೇತ. ಆ ವರ್ಷ ಅಲಬಾಮಾ 55–0ರಿಂದ ಗೆದ್ದಿತು. ಕೊಡಲಿ ಎಷ್ಟು ಆಳದಲ್ಲಿತ್ತೋ!

ಆಬರ್ನ್ ಊರಿನ ನಡುವೆ, ಟೂಮರ್ಸ್ ಕಾರ್ನರ್ ಎಂಬ ಮೂಲೆಯಲ್ಲಿ, ಬಹುಕಾಲದ ಎರಡು ಓಕ್ ಮರಗಳಿದ್ದವು. ತಂಡ ಗೆದ್ದಾಗಲೆಲ್ಲ ಜನ ಅಲ್ಲಿ ಸೇರಿ ಬಿಳಿಯ ಕಾಗದದ ಸುರುಳಿಗಳನ್ನು ಆ ಮರಗಳ ಮೇಲೆ ಎಸೆದು, ಹಿಮ ಬಿದ್ದಂತೆ ಕೊಂಬೆಗಳನ್ನೆಲ್ಲ ಮುಚ್ಚುವುದು ವಾಡಿಕೆ. 2010ರ ನವೆಂಬರ್ 26ರಂದು ಆಬರ್ನ್ 24–0ರ ಹಿನ್ನಡೆಯಿಂದ ಮೇಲೆದ್ದು, ಅಲಬಾಮಾ ತಂಡವನ್ನು ಅದರ ಊರಾದ ಟಸ್ಕಲೂಸಾದಲ್ಲಿಯೇ 28–27ರಿಂದ ಸೋಲಿಸಿತು. ಎರಡು ತಿಂಗಳ ತರುವಾಯ, 2011ರ ಜನವರಿ 27ರಂದು, ಪಾಲ್ ಫೈನ್‌ಬಾಮ್ ಅವರ ರೇಡಿಯೋ ಕಾರ್ಯಕ್ರಮಕ್ಕೆ ಒಂದು ಕರೆ ಬಂದಿತು. ಈ ಅಭಿಮಾನಿಗಳು ದಿನವೂ ತಮ್ಮ ಮೂದಲಿಕೆಯನ್ನು ಹೊತ್ತು ತರುತ್ತಿದ್ದ ಸಂತೆಯೇ ಆ ಕಾರ್ಯಕ್ರಮ. ಕರೆ ಮಾಡಿದವನು ತನ್ನ ಪೂರ್ತಿ ಹೆಸರು ಹೇಳಲಿಲ್ಲ. ಆ ಎರಡು ಮರಗಳಿಗೂ ತಾನು ವಿಷ ಹಾಕಿದ್ದೇನೆಂದೂ ಅವು ಇನ್ನೂ ಸತ್ತಿಲ್ಲವಾದರೂ ಖಂಡಿತ ಸಾಯುವುವೆಂದೂ ತಿಳಿಸಿದನು. ಕಾಡುಗಿಡಗಳನ್ನು ಬೇರುಸಹಿತ ನಾಶಮಾಡಲು ಬಳಸುವ ಔಷಧಿಯ ಹೆಸರನ್ನೂ ಕೊಟ್ಟನು. ಮಣ್ಣನ್ನು ಪರೀಕ್ಷಿಸಿದಾಗ ಮಾತು ನಿಜವಾಗಿತ್ತು.

ಆ ಕರೆಯನ್ನು ಒಂದು ಮಾತಿನ ರಚನೆಯಾಗಿ ನೋಡಿದರೆ ಕೆಲವು ಅಂಶಗಳು ಕಣ್ಣಿಗೆ ಬೀಳುತ್ತವೆ. ಆತನು ಮೊದಲು ತನ್ನ ಕಾರಣಗಳನ್ನು ಹೇಳಿದನು, ಎರಡು. ಅಲಬಾಮಾ ತಂಡದ ಹಿರಿಯ ತರಬೇತುದಾರ ಬೇರ್ ಬ್ರಯಂಟ್ 1983ರಲ್ಲಿ ತೀರಿಕೊಂಡಾಗ ಆಬರ್ನ್ ಜನ ಅದೇ ಮರಗಳ ಮೇಲೆ ಕಾಗದ ಎಸೆದು ಸಂಭ್ರಮಿಸಿದರೆಂಬುದು ಮೊದಲನೆಯದು. ಈ ಸಲದ ಆಟದ ವೇಳೆ ಬ್ರಯಂಟರ ಪ್ರತಿಮೆಗೆ ಆಬರ್ನ್ ಆಟಗಾರನ ಅಂಗಿಯನ್ನು ತೊಡಿಸಿದರೆಂಬುದು ಎರಡನೆಯದು. ಮೊದಲನೆಯದನ್ನು ಕಾರ್ಯಕ್ರಮ ನಡೆಸುತ್ತಿದ್ದವರು ಆಗಲೇ ನಂಬಲಿಲ್ಲ. ಎರಡನೆಯದು ಹುಡುಗಾಟದ ಕುಚೋದ್ಯ. ಒಂದು ಮೂದಲಿಕೆ ನಡೆಯದೆಯೂ ಇದ್ದಿರಬಹುದು, ಇನ್ನೊಂದನ್ನು ಆಡಿದವನು ಮರುದಿನವೇ ಮರೆತಿರಬಹುದು. ಇಬ್ಬರಲ್ಲಿ ಕೇಳಿಸಿಕೊಂಡವನ ಖಾತೆಯಲ್ಲಿ ಮಾತ್ರ ಅವು ಇಪ್ಪತ್ತೆಂಟು ವರ್ಷ ಬಡ್ಡಿಸಹಿತ ಬೆಳೆದಿದ್ದವು. ಆಮೇಲೆ, ಮಾಡಿದ್ದನ್ನು ಆತನು ಗುಟ್ಟಾಗಿಡಲಿಲ್ಲವೆಂಬುದು. ಸುಮ್ಮನಿದ್ದಿದ್ದರೆ ಬಹುಶಃ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಎದುರಾಳಿಗೆ ತಿಳಿಯದಿದ್ದರೆ ಮೂದಲಿಕೆ ಪೂರ್ತಿಯಾಗುವುದಿಲ್ಲ. ಮರ ಸಾಯುವುದಕ್ಕಿಂತ ಅದು ಸಾಯುತ್ತಿದೆಯೆಂದು ಅವರಿಗೆ ಹೇಳುವುದೇ ಆತನಿಗೆ ಬೇಕಾಗಿತ್ತು. ಕಡೆಯಲ್ಲಿ ತನ್ನ ಪಕ್ಷದ ಜಯಘೋಷವನ್ನು ನುಡಿದು ಕರೆಯನ್ನು ಮುಗಿಸಿದನು. ನಾವು ಸಭೆಯ ಕೊನೆಯಲ್ಲಿ ಮಂಗಳ ಹಾಡುವ ಹಾಗೆ.

ಆತ ಬೇರೊಂದು ರಾಜ್ಯದಲ್ಲಿ ಪೊಲೀಸ್ ಕೆಲಸ ಮಾಡಿ ನಿವೃತ್ತನಾಗಿದ್ದವನು. 2013ರಲ್ಲಿ ತಪ್ಪೊಪ್ಪಿಕೊಂಡು ಆರು ತಿಂಗಳ ಸೆರೆವಾಸ ಅನುಭವಿಸಿದನು. ಸುಮಾರು ಎಂಟು ಲಕ್ಷ ಡಾಲರ್ ನಷ್ಟ ತುಂಬಿಕೊಡಬೇಕೆಂದು ಆಜ್ಞೆಯಾಯಿತು. 2020ರಲ್ಲಿ ತೀರಿಕೊಂಡಾಗ ಅದರಲ್ಲಿ ಅಲ್ಪಭಾಗವಷ್ಟೇ ಸಂದಾಯವಾಗಿತ್ತು. ತಜ್ಞರು ಮಣ್ಣನ್ನು ತೆಗೆಸಿದರು, ಬೇರುಗಳನ್ನು ತೊಳೆಸಿದರು, ಮಾಡದ ಉಪಾಯವಿಲ್ಲ. 2013ರ ಏಪ್ರಿಲ್ 23ರಂದು ಎರಡೂ ಮರಗಳನ್ನು ಕಡಿದುಹಾಕಿದರು. ಆ ದಿನ ನೋಡಲು ಬಂದವರು ಮಾತನಾಡದೆ ನಿಂತಿದ್ದ ಚಿತ್ರಗಳನ್ನು ನಾನು ಕಂಡಿದ್ದೇನೆ. ಮರಕ್ಕೆ ಯಾವ ಪಕ್ಷವೂ ಇರಲಿಲ್ಲವೆಂಬ ಮಾತನ್ನು ಇಲ್ಲಿ ಬರೆಯಬೇಕೆನಿಸಿ, ಓದುಗರಿಗೆ ಅದು ಬೇಕಿಲ್ಲವೆಂದು ಬಿಡುತ್ತಿದ್ದೇನೆ.

ಇಷ್ಟರಿಂದ ಅಲಬಾಮಾ ಪಕ್ಷದವರೆಲ್ಲರೂ ಹೀಗೆಯೇ ಎಂದು ತೀರ್ಮಾನಿಸಿದರೆ ನಾವೂ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳಾಗುತ್ತೇವೆ. ವಿಷದ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಅಲಬಾಮಾ ಅಭಿಮಾನಿಗಳು ಎದುರಾಳಿಯ ಮರಗಳಿಗಾಗಿ ನಿಧಿಯೊಂದನ್ನು ತೆರೆದರು. ಸುಮಾರು ಐವತ್ತು ಸಾವಿರ ಡಾಲರ್ ಕೂಡಿತು. ಅದಾದ ಎರಡು ತಿಂಗಳಿಗೆ, 2011ರ ಏಪ್ರಿಲ್ 27ರಂದು, ಭೀಕರ ಸುಂಟರಗಾಳಿಗಳು ಆ ರಾಜ್ಯವನ್ನು ಸೀಳಿಕೊಂಡು ಹೋದವು. ಟಸ್ಕಲೂಸಾದ ಬಡಾವಣೆಗಳೇ ನೆಲಸಮವಾದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಗ ಆಬರ್ನ್ ಅಭಿಮಾನಿಗಳು ‘ಟಸ್ಕಲೂಸಾಕ್ಕಾಗಿ ಟೂಮರ್ಸ್’ ಎಂದು ಒಂದು ಕೂಟವನ್ನು ಕಟ್ಟಿ, ನೀರು, ಬಟ್ಟೆ, ಆಹಾರಗಳನ್ನು ಸಾಗಿಸಿದರು. ಆ ಕೂಟದ ಹೆಸರನ್ನು ಗಮನಿಸಬೇಕು. ತಮ್ಮ ಸಾಯುತ್ತಿದ್ದ ಮರಗಳ ಜಾಗದ ಹೆಸರನ್ನೇ ಎದುರಾಳಿಯ ಊರಿನ ಹೆಸರಿಗೆ ಕಟ್ಟಿದ್ದರು. ಅದರಲ್ಲಿ ಒಂದು ಸಣ್ಣ ಚುಚ್ಚು ಇಲ್ಲದಿಲ್ಲ. ‘ನೀವು ನಮಗೆ ಮಾಡಿದ್ದು ನೆನಪಿದೆ, ಆದರೂ ಬಂದಿದ್ದೇವೆ’ ಎಂಬ ಧ್ವನಿಯನ್ನು ನಾನು ಅಲ್ಲಿ ಕೇಳುತ್ತೇನೆ. ಇಡಿಯ ಈ ವಾಙ್ಮಯದಲ್ಲಿ ನನಗೆ ಅತ್ಯಂತ ಹಿಡಿಸಿದ ಮೂದಲಿಕೆ ಇದು. ಹುಂಡಿಯನ್ನು ಬರೆದವರೇ ಲಾರಿ ತುಂಬಿಸಿ ಸಲ್ಲಿಸಿದ್ದಾರೆ.

ಕ್ರೀಡಾಮಂಡಳಿಗಳು ಈ ಅನಿಷ್ಟವನ್ನು ನಿಯಮಗಳಿಂದ ತಿದ್ದಲು ಹೊರಟಿರುವುದು ನನಗೆ ಅಷ್ಟು ಭರವಸೆ ಕೊಡುವುದಿಲ್ಲ. ಟೆಕ್ಸಾಸ್ ವಿಶ್ವವಿದ್ಯಾನಿಲಯದವರು ಎರಡು ಬೆರಳೆತ್ತಿ ಎತ್ತಿನ ಕೊಂಬಿನ ಮುದ್ರೆ ತೋರಿಸುತ್ತಾರೆ. ಎದುರಾಳಿಗಳು ಅದನ್ನು ತಲೆಕೆಳಗು ಮಾಡಿ ತೋರಿಸಿದ್ದಕ್ಕೆ 2018ರಲ್ಲಿ ಹದಿನೈದು ಗಜದ ದಂಡ ಬಿದ್ದುದುಂಟು. 2024ರ ನವೆಂಬರ್ 30ರಂದು ಮಿಷಿಗನ್ ತಂಡವು ಓಹಾಯೊದವರನ್ನು ಅವರ ಮೈದಾನದಲ್ಲಿಯೇ 13–10ರಿಂದ ಸೋಲಿಸಿ, ನಟ್ಟನಡುವೆ ತನ್ನ ಬಾವುಟವನ್ನು ನೆಡಲು ಹೋದಾಗ ಕೈಕೈ ಮಿಲಾಯಿಸಿ, ಪೊಲೀಸರು ಕಣ್ಣುರಿಸುವ ದ್ರವವನ್ನು ಚಿಮುಕಿಸಬೇಕಾಯಿತು. ಎರಡು ವಿಶ್ವವಿದ್ಯಾನಿಲಯಗಳಿಗೂ ತಲಾ ಒಂದು ಲಕ್ಷ ಡಾಲರ್ ದಂಡ ವಿಧಿಸಿದರು. ಮೈದಾನದಲ್ಲಿ ಬಾವುಟ ನೆಡುವುದನ್ನು ಅಪರಾಧವನ್ನಾಗಿಸುವ ಮಸೂದೆಯೊಂದನ್ನು ಓಹಾಯೊ ಶಾಸಕರೊಬ್ಬರು ಮಂಡಿಸಲು ಹೊರಟರು. ಬೆರಳನ್ನೂ ಬಾವುಟವನ್ನೂ ಅಳೆಯುವ ಈ ಕಾನೂನುಗಳು ಹುಡುಗರನ್ನಷ್ಟೇ ಹಿಡಿಯುತ್ತವೆ. ಗ್ಯಾಲರಿಯಲ್ಲಿ ಕುಳಿತು ಹುಂಡಿ ಬರೆಯುವ ಐವತ್ತು ವರ್ಷದವನಿಗೆ ಯಾವ ದಂಡವೂ ಇಲ್ಲ.

ವುಡಿ ಹೇಯ್ಸ್ ಕಾಲದಲ್ಲಿ ಮಿಷಿಗನ್ ತಂಡದ ತರಬೇತುದಾರನಾಗಿದ್ದವನು ಬೋ ಷೆಂಬೆಕ್ಲರ್. ಹುಟ್ಟಿದ್ದು ಓಹಾಯೊದಲ್ಲಿ, ಹೇಯ್ಸನ ಕೈಕೆಳಗೆ ಆಡಿ, ಅವನಿಗೇ ಸಹಾಯಕನಾಗಿದ್ದು, 1969ರಲ್ಲಿ ‘ಉತ್ತರದ ಆ ರಾಜ್ಯ’ಕ್ಕೆ ಹೋದವನು. ಹತ್ತು ವರ್ಷ ಇಬ್ಬರೂ ಎದುರುಬದುರಾಗಿ ನಿಂತರು. ಓಹಾಯೊ ಜನ ಆತನನ್ನು ಮೂದಲಿಸಿದಷ್ಟು ಬೇರೆ ಯಾರನ್ನೂ ಮೂದಲಿಸಿರಲಾರರು. 2006ರಲ್ಲಿ ದೇಶದ ಮೊದಲ ಸ್ಥಾನದ ಓಹಾಯೊ ಮತ್ತು ಎರಡನೆಯ ಸ್ಥಾನದ ಮಿಷಿಗನ್ ನವೆಂಬರ್ 18ರಂದು ಕೊಲಂಬಸ್ ನಗರದಲ್ಲಿ ಎದುರಾಗಬೇಕಾಗಿತ್ತು. ಹಿಂದಿನ ದಿನ ಷೆಂಬೆಕ್ಲರ್ ತೀರಿಕೊಂಡನು. ಮರುದಿನ ಆಟಕ್ಕೆ ಮುನ್ನ ಓಹಾಯೊ ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆ ಆತನ ಚಿತ್ರಗಳನ್ನು ತೋರಿಸಿ, ಲಕ್ಷಕ್ಕೂ ಮಿಕ್ಕ ಜನರು ಆತನಿಗಾಗಿ ಮೌನ ಆಚರಿಸಿದರು. ಆಮೇಲೆ ಚೆಂಡು ಒದ್ದರು. ಗದ್ದಲ ಮೊದಲಿನಂತೆಯೇ ಎದ್ದಿತು. ಆ ದಿನ ಓಹಾಯೊ 42, ಮಿಷಿಗನ್ 39.